ಎದೆಗೆ ಕಟ್ಟೋ ಅಲ್ಟ್ರಾಸಾನಿಕ್ ಸಾಧನ ಬಯಲಲ್ಲೂ ಕಂಪಿಸ್ತಿದೆ, ಸೆನ್ಸರ್ ಬದಲಿಸಬೇಕಾ?

ಹದಡಿರೋಡ್_ಇಸಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಕೊನೇ ವರ್ಷದ ಪ್ರಾಜೆಕ್ಟ್ ಇದು. ಕಣ್ಣು ಕಾಣದವರು ಓಡಾಡುವಾಗ ಎದೆ ಮೇಲೆ ಕಟ್ಟಿಕೊಳ್ಳೋ ಸಾಧನ. ಎದುರಿಗೆ ಏನಾದ್ರೂ ಬಂದ್ರೆ ಕಂಪನ ಕೊಡಬೇಕು, ಅಷ್ಟೇ.

ಒಳಗಿರೋದು: ಅರ್ಡುಯಿನೋ ನ್ಯಾನೋ (ಕೋಡ್ ಓಡಿಸೋ ಪುಟ್ಟ ಬೋರ್ಡ್), ದೂರ ಅಳೆಯೋಕೆ ಶಬ್ದ ಬಿಟ್ಟು ಪ್ರತಿಧ್ವನಿ ಕೇಳೋ ಅಲ್ಟ್ರಾಸಾನಿಕ್ ಸೆನ್ಸರ್ ಒಂದು ಎಚ್‌ಸಿ-ಎಸ್‌ಆರ್04, ಕಂಪನಕ್ಕೆ 10 ಮಿ.ಮೀ. ಕಾಯಿನ್ ಮೋಟಾರ್ (ನ್ಯಾನೋದ ಡಿ9 ಪಿನ್ನಿಗೆ ನೇರ ಕೊಟ್ಟಿದೆ), ಒಂದು 18650 ಲಿಥಿಯಂ ಸೆಲ್, ಚಾರ್ಜಿಗೆ ಟಿಪಿ4056, 5 ವೋಲ್ಟಿಗೆ ಏರಿಸೋಕೆ ಎಂಟಿ3608. ಎಲ್ಲ ಒಂದೇ ಡಬ್ಬಿಯಲ್ಲಿ. ದೂರ 200 ಸೆಂ.ಮೀ.ಗಿಂತ ಕಡಿಮೆಯಾದ್ರೆ ಮೋಟಾರ್ ಶುರು, ಹತ್ತಿರ ಬಂದಷ್ಟೂ ಪಿಡಬ್ಲ್ಯುಎಂ (ಮೋಟಾರಿನ ಜೋರು ನಿರ್ಧರಿಸೋ ಸಂಕೇತ) ಜಾಸ್ತಿ.

ತೊಂದರೆಗಳು: ಬಯಲಲ್ಲಿ ಎದುರಿಗೆ ಏನೂ ಇಲ್ಲದಿದ್ರೂ ಜೋರಾಗಿ ಕಂಪಿಸುತ್ತೆ. ಬಸ್ ಸ್ಟ್ಯಾಂಡ್, ಮಂಡಿಪೇಟೆ ಕಡೆ ಹೋದ್ರೆ ನಿಲ್ಲೋದೇ ಇಲ್ಲ. ಗೋಡೆಗೆ ಓರೆಯಾಗಿ ನಡೆದ್ರೆ ಗೋಡೆಯನ್ನೇ ಹಿಡಿಯಲ್ಲ. ನಡುವೆ ಒಮ್ಮೊಮ್ಮೆ ನ್ಯಾನೋ ರೀಸೆಟ್ ಆಗುತ್ತೆ. ನಮ್ಮ ಗೈಡ್ ಹೇಳೋದು: ಬಿಸಿಲಿಗೆ ಸೆನ್ಸರ್ ಹೀಗಾಡುತ್ತೆ, ಅದನ್ನ ಬಿಟ್ಟು ರಾಸ್ಪ್‌ಬೆರಿ ಪೈಗೆ ಕ್ಯಾಮೆರಾ ಹಾಕಿ, ಎದುರಿಗಿರೋ ವಸ್ತುವಿನ ಹೆಸರನ್ನ ಕನ್ನಡದಲ್ಲಿ ಹೇಳಿಸಿ ಅಂತ. ಜೊತೆಗೆ ತೆರೆದ ಚರಂಡಿ ಹಿಡಿಯೋಕೆ ಕೆಳಮುಖವಾಗಿ ಇನ್ನೊಂದು ಸೆನ್ಸರ್ ಹಾಕೋ ಯೋಚನೆಯೂ ಇದೆ. ಗೊತ್ತಿರೋರು ದಯವಿಟ್ಟು ಹೇಳಿ.

ಸರ್ಕಿಟ್_ಚೌಕಿಪೇಟೆ

ಬಿಸಿಲಿನ ಮೇಲೆ ಗೂಬೆ ಕೂರಿಸಬೇಡ್ರಿ. ಶಬ್ದದ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್, 40 ಡಿಗ್ರಿಯಲ್ಲಿ ಸುಮಾರು 355. ಒಂದು ಮೀಟರ್ ದೂರದ ಅಳತೆಯಲ್ಲಿ ಮೂರೂವರೆ ಸೆಂ.ಮೀ. ಹೆಚ್ಚುಕಮ್ಮಿ ಆಗಬಹುದು, ಅಷ್ಟೇ. ಈ ಕೆಲಸಕ್ಕೆ ಅದು ಲೆಕ್ಕಕ್ಕೇ ಇಲ್ಲ. ಬಿಸಿಲಿಗೆ ಹೆದರೋದು ಇನ್‌ಫ್ರಾರೆಡ್ ಸೆನ್ಸರುಗಳು. ವಿಎಲ್53ಎಲ್0ಎಕ್ಸ್ ಹಾಕಿ ಮಧ್ಯಾಹ್ನ ರಸ್ತೆಗೆ ಬಂದ್ರೆ ಅದರ 2 ಮೀಟರ್ ಪೂರ್ತಿ ಸಿಗೋದೇ ಇಲ್ಲ. ಟಿಎಫ್-ಲೂನಾ ಅನ್ನೋ ಇನ್ನೊಂದು ಬೆಳಕಿನ ಸೆನ್ಸರ್ ಬಿಸಿಲನ್ನ ಚೆನ್ನಾಗಿ ತಾಳುತ್ತೆ, ಆದ್ರೆ ಅದರ ನೋಟ ಬರೀ 2 ಡಿಗ್ರಿ. ಒಂದು ಮೀಟರ್ ದೂರದಲ್ಲಿ ಮೂರೂವರೆ ಸೆಂ.ಮೀ. ಅಗಲದ ಚುಕ್ಕೆ. ಪಕ್ಕದಲ್ಲೇ ಕೊಂಬೆ ಇದ್ರೂ ತಪ್ಪಿಸಿಕೊಳ್ಳುತ್ತೆ. ನಿಮ್ಮ ಕೈಲಿರೋ ಅಗ್ಗದ ಸೆನ್ಸರೇ ಇದಕ್ಕೆ ಸರಿ.

ಬಯಲಲ್ಲಿ ಕಂಪಿಸೋ ಕಾಯಿಲೆ ನೂರಕ್ಕೆ ತೊಂಬತ್ತು ಪಾಲು ಕೋಡ್‌ನಲ್ಲಿರುತ್ತೆ. ಪಲ್ಸ್‌ಇನ್ ಫಂಕ್ಷನ್ (ಪ್ರತಿಧ್ವನಿಯ ಸಮಯ ಅಳೆಯೋ ಆಜ್ಞೆ) ಕಾಯೋ ಗಡುವಿನೊಳಗೆ ಪ್ರತಿಧ್ವನಿ ಸಿಗದೆ ಟೈಮ್‌ಔಟ್ ಆದ್ರೆ 0 ಕೊಡುತ್ತೆ. ನಿಮ್ಮ ಷರತ್ತು "200ಕ್ಕಿಂತ ಕಡಿಮೆಯಾದ್ರೆ ಕಂಪಿಸು" ಅಂತಿದೆ. 0 ಅದಕ್ಕಿಂತ ಕಡಿಮೆನೇ ತಾನೆ? ಎದುರಿಗೆ ಏನೂ ಇಲ್ಲ ಅನ್ನೋದನ್ನ ಸಾಧನ "ಮೂಗಿಗೇ ಬಂತು" ಅಂತ ಓದಿಕೊಂಡು ಪೂರ್ತಿ ಜೋರಿನಲ್ಲಿ ಕಂಪಿಸುತ್ತೆ. 0 ಬಂದ್ರೆ "ದಾರಿ ಖಾಲಿ" ಅಂತ ಬೇರೆಯಾಗಿ ಹಿಡೀರಿ. ಪಲ್ಸ್‌ಇನ್‌ಗೆ ಮೂರನೇ ಸಂಖ್ಯೆಯಾಗಿ ಆ ಗಡುವನ್ನ ಕೊಡದಿದ್ರೆ ಅದು ಒಂದು ಸೆಕೆಂಡ್ ತನಕ ಕಾಯಬಹುದು, ಅಷ್ಟರಲ್ಲಿ ಮನುಷ್ಯ ಒಂದು ಮೀಟರ್ ಮುಂದೆ ಹೋಗಿರ್ತಾನೆ. 13,000 ಮೈಕ್ರೋಸೆಕೆಂಡ್ ಕೊಡ್ರಿ. ಸೆಂ.ಮೀ.ಗೆ 58 ಮೈಕ್ರೋಸೆಕೆಂಡ್ ಲೆಕ್ಕದಲ್ಲಿ ಎರಡು ಮೀಟರಿಗೆ ಅದು ಸಾಕು.

ಇನ್ನೊಂದು ವಿಷಯ. ಪ್ರತಿಧ್ವನಿ ಬರದಿದ್ದಾಗ ಸೆನ್ಸರಿನ ಎಕೋ ಪಿನ್ (ಪ್ರತಿಧ್ವನಿ ಬಂತು ಅಂತ ತಿಳಿಸೋದು) ಸುಮಾರು 38 ಮಿಲಿಸೆಕೆಂಡ್ ಕಾಲ "ಹೈ" ಆಗೇ ಇರುತ್ತೆ, ಕೆಲವು ನಕಲಿ ಬೋರ್ಡುಗಳಲ್ಲಿ 200ರ ತನಕ. ಅದು ಇಳಿಯೋ ಮೊದಲೇ ಮತ್ತೆ ಟ್ರಿಗರ್ (ಶಬ್ದ ಬಿಡು ಅನ್ನೋ ಸೂಚನೆ) ಕೊಟ್ರೆ ಆ ಸುತ್ತಿನ ಅಳತೆ ಕೆಡುತ್ತೆ. ಟ್ರಿಗರಿಗೆ ಮುಂಚೆ ಎಕೋ "ಲೋ" ಆಗಿದೆಯಾ ಅಂತ ನೋಡ್ರಿ, ಎರಡು ಅಳತೆಗಳ ನಡುವೆ 60 ಮಿಲಿಸೆಕೆಂಡ್ ಬಿಡ್ರಿ.

ರೀಸೆಟ್ ಆಗೋದು ಮೋಟಾರಿನಿಂದ. ನ್ಯಾನೋ ಪಿನ್ನಿನಿಂದ 20 ಮಿಲಿಆಂಪ್ ಎಳೆಯೋದು ನ್ಯಾಯ, 40 ದಾಟಿದ್ರೆ ಚಿಪ್ಪಿಗೇ ಅಪಾಯ. ಕಾಯಿನ್ ಮೋಟಾರ್ ತಿರುಗುವಾಗ 80ರ ಆಸುಪಾಸು ಕೇಳುತ್ತೆ, ಶುರುವಾಗೋ ಕ್ಷಣಕ್ಕೆ ಇನ್ನೂ ಜಾಸ್ತಿ. ಒಂದು 2ಎನ್2222 ಟ್ರಾನ್ಸಿಸ್ಟರ್ ಹಾಕಿ, ಬೇಸಿಗೆ 470 ಓಮ್, ಮೋಟಾರಿಗೆ ಅಡ್ಡಲಾಗಿ ಒಂದು 1ಎನ್4148 ಡಯೋಡ್, ಅದರ ಗೆರೆ ಇರೋ ತುದಿ ಪಾಸಿಟಿವ್ ಕಡೆ. ಬಿಸಿ547 ಎಲ್ಲ ಅಂಗಡಿಯಲ್ಲೂ ಸಿಗುತ್ತೆ ಅಂತ ಅದನ್ನೇ ತರಬೇಡ್ರಿ, ಅದರ ಮಿತಿ 100 ಮಿಲಿಆಂಪ್, ದಡದ ಮೇಲೇ ನಿಂತಂಗೆ ಆಗುತ್ತೆ. ಮೋಟಾರಿಗೆ ಕರೆಂಟ್ 5 ವೋಲ್ಟ್ ಲೈನಿಂದ ಬೇಡ, ನೇರ ಸೆಲ್‌ನಿಂದ ಕೊಡ್ರಿ. ಸೆಲ್ ತುಂಬಿದಾಗ 4.2 ವೋಲ್ಟ್ ಇರುತ್ತೆ, ಮೋಟಾರ್ 3 ವೋಲ್ಟಿನದು, ಆದ್ದರಿಂದ ಪಿಡಬ್ಲ್ಯುಎಂ ಮುಕ್ಕಾಲಿಗಿಂತ ಮೇಲೆ ಹೋಗದ ಹಾಗೆ ಕಟ್ಟುಹಾಕಿ. ಸೆನ್ಸರಿನ ಕಾಲಿಗೆ ಹತ್ತಿರವೇ ಒಂದು 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ.

ಮೋಟಾರ್ ಮತ್ತೆ ಸೆನ್ಸರ್ ಒಂದೇ ಡಬ್ಬಿಯಲ್ಲಿದ್ರೆ ನಡುಕ ಸೆನ್ಸರಿಗೂ ತಾಗಿ ಇಲ್ಲದ ಪ್ರತಿಧ್ವನಿ ಹುಟ್ಟುತ್ತೆ. ಮೋಟಾರನ್ನ ಪಟ್ಟಿಯ ಮೇಲೆ, ಭುಜದ ಮೂಳೆ ಹತ್ತಿರ ಹೊಲಿಸಿ. ಅದರ ವೈರು ಕೂದಲಿನಷ್ಟು ಸಣ್ಣ, ಬೆಸುಗೆ ಬುಡದಲ್ಲೇ ಮುರಿಯುತ್ತೆ. ಬುಡಕ್ಕೆ ಗ್ಲೂ ಗನ್ನಿಂದ ಒಂದು ಹನಿ ಹಾಕಿ, ಮುಂದಕ್ಕೆ ದಪ್ಪ ವೈರು ಜೋಡಿಸಿ.

ಗೋಡೆ ವಿಷಯ: 40 ಕಿಲೋಹರ್ಟ್ಸ್ ಅಲೆಯ ಉದ್ದ 8.6 ಮಿ.ಮೀ. ಅದರ ಮುಂದೆ ಗಾರೆ ಮಾಡಿದ ಗೋಡೆ, ಶಟರ್, ಬಸ್ಸಿನ ಮೈ ಎಲ್ಲಾ ನುಣುಪೇ. ನೇರ ಎದುರಿಗಿದ್ರೆ ಶಬ್ದ ವಾಪಸ್ ಬರುತ್ತೆ, ಓರೆಯಾಗಿದ್ರೆ ಆ ಕಡೆ ಜಾರಿ ಹೋಗುತ್ತೆ. ಕೋಡಿನಿಂದ ಇದಕ್ಕೆ ಮದ್ದಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಎರಡು ಕಾರಣ ಸೇರಿಕೊಂಡಿವೆ. ಸೆನ್ಸರಿನ ನೋಟ ಎಡಕ್ಕೆ 15, ಬಲಕ್ಕೆ 15 ಡಿಗ್ರಿ ಅಂತ ಇಟ್ಟುಕೊಂಡ್ರೆ ಎರಡು ಮೀಟರ್ ದೂರದಲ್ಲಿ ಅದರ ಅಗಲ ಒಂದು ಮೀಟರಿಗೂ ಮೇಲೆ. ಪಕ್ಕದಲ್ಲಿ ಹೋಗೋರೆಲ್ಲ ಅದರೊಳಗೆ ಬರ್ತಾರೆ. ಮಿತಿಯನ್ನ 120 ಸೆಂ.ಮೀ.ಗೆ ಇಳಿಸ್ರಿ. ಎರಡನೇದು, ಬಸ್ಸು ಲಾರಿಗಳ ಏರ್ ಬ್ರೇಕ್ ಬಿಟ್ಟಾಗ ಬರೋ "ಟುಸ್" ಶಬ್ದದಲ್ಲಿ 40 ಕಿಲೋಹರ್ಟ್ಸೂ ಇರುತ್ತೆ, ಸೆನ್ಸರ್ ಅದನ್ನೇ ಪ್ರತಿಧ್ವನಿ ಅಂದುಕೊಳ್ಳುತ್ತೆ. ಕೊನೇ ಮೂರು ಅಳತೆ ಇಟ್ಟುಕೊಂಡು ನಡುವಿನದನ್ನ ತಗೊಳ್ರಿ. ಐದು, ಏಳು ಅಂತ ಹೋಗಬೇಡ್ರಿ, ಎಚ್ಚರಿಕೆ ತಡವಾಗುತ್ತೆ.

ಕೋಲು_ಮೊದಲು

ಸರ್ಕಿಟ್ ಭಾಗಕ್ಕೆ ಮೇಲಿನವರು ಉತ್ತರ ಕೊಟ್ಟಿದ್ದಾರೆ. ಓಡಾಟದ ತರಬೇತಿ ಕೊಡುವವರ ಕಡೆಯಿಂದ ಕೆಲವು ಮಾತು.

ಸಾಧನದ ಕೆಲಸ ಏನು ಅನ್ನೋದು ನಿಮ್ಮ ಪ್ರಶ್ನೆಯಲ್ಲಿ ಸ್ಪಷ್ಟವಿಲ್ಲ. "ಎದುರಿಗೆ ಏನಾದ್ರೂ ಬಂದ್ರೆ" ಅನ್ನೋದು ತೀರಾ ದೊಡ್ಡ ಮಾತು. ಎದೆಗೂಡಿನ ಎತ್ತರದ ಬಿಳಿ ಕೋಲನ್ನು ಭುಜಕ್ಕಿಂತ ತುಸು ಅಗಲಕ್ಕೆ ಎಡ-ಬಲ ಬೀಸಿ ನಡೆಯುವವರಿಗೆ ನೆಲದಿಂದ ಸೊಂಟದವರೆಗಿನ ಸುದ್ದಿ ಒಂದು ಹೆಜ್ಜೆ ಮುಂಚೆಯೇ ಸಿಗುತ್ತೆ. ಗುಂಡಿ, ಚರಂಡಿ, ಮೆಟ್ಟಿಲು, ನಿಂತ ಬೈಕು, ಓರೆ ಗೋಡೆ ಎಲ್ಲವೂ ಕೋಲಿಗೆ ಸಿಗುತ್ತವೆ. ಸಿಗದಿರುವುದು ಕಾಲಿಲ್ಲದೆ ಮೇಲೆ ಚಾಚಿಕೊಂಡಿರುವ ವಸ್ತುಗಳು: ನಿಂತ ಲಾರಿಯ ಹಿಂದಿನ ಹಲಗೆ, ಅದರಿಂದಾಚೆಗೆ ಚಾಚಿದ ಕಬ್ಬಿಣದ ಕಂಬಿ, ಅಂಗಡಿ ಮುಂದಿನ ತಗಡು, ಅರ್ಧ ಇಳಿಸಿದ ಶಟರ್, ರಸ್ತೆಗೆ ತೆರೆದುಕೊಂಡ ಕಿಟಕಿ ಬಾಗಿಲು, ಕೊಂಬೆ. ಕೋಲು ಇವುಗಳ ಅಡಿಯಲ್ಲಿ ಸಲೀಸಾಗಿ ಹೋಗುತ್ತೆ, ಹಣೆ ಹೋಗಿ ಬಡಿಯುತ್ತೆ. ನಿಮ್ಮ ಸಾಧನ ಎದೆಯಿಂದ ತಲೆಯವರೆಗಿನ ಆ ಒಂದು ಪಟ್ಟಿಯನ್ನು ಕಾದರೆ ಸಾಕು, ಕೋಲಿನ ಕೆಲಸಕ್ಕೆ ಕೈಹಾಕಬಾರದು. ಗೋಡೆ ಸಿಗೋದಿಲ್ಲ ಎಂಬ ನಿಮ್ಮ ದೂರು ಅಲ್ಲಿಗೇ ಮುಗಿಯಿತು.

ಚರಂಡಿಗೆ ಕೆಳಮುಖದ ಸೆನ್ಸರ್ ಯಾಕೆ ಬೇಡ ಅಂದರೆ, ಲೆಕ್ಕ ಹಾಕಿ ನೋಡಿ. 120 ಸೆಂ.ಮೀ. ಎತ್ತರದಿಂದ 45 ಡಿಗ್ರಿ ಕೆಳಗೆ ನೋಡಿದರೆ ನೆಲ 170 ಸೆಂ.ಮೀ. ದೂರದಲ್ಲಿದೆ. ನಡೆಯುವಾಗ ಮೈ ಬರೀ 5 ಡಿಗ್ರಿ ಹಿಂದಕ್ಕೆ ವಾಲಿದರೆ ಅದೇ ನೆಲ 187 ಸೆಂ.ಮೀ. ಆಗುತ್ತೆ. 17 ಸೆಂ.ಮೀ. ವ್ಯತ್ಯಾಸ ಅಂದರೆ ಒಂದು ಮೆಟ್ಟಿಲಿನಷ್ಟು. ಮೈ ವಾಲಿತೋ ಮೆಟ್ಟಿಲು ಇಳಿಯಿತೋ ಸಾಧನಕ್ಕೆ ಹೇಗೆ ತಿಳಿಯಬೇಕು? ಜೊತೆಗೆ ನೆಲದ ಮೇಲೆ ಓರೆಯಾಗಿ ಬಿದ್ದ ಶಬ್ದ ಬಹುಪಾಲು ವಾಪಸ್ಸೇ ಬರಲ್ಲ. ಹತ್ತು ಸಲ ಸರಿ ಹೇಳಿ ಹನ್ನೊಂದನೇ ಸಲ ಸುಮ್ಮನಿರುವ ಸಾಧನ ಬರೀ ಕೋಲಿಗಿಂತ ಅಪಾಯ, ಯಾಕೆಂದರೆ ಅದನ್ನು ನಂಬಿ ಕೋಲು ಬೀಸುವುದು ಸಡಿಲವಾಗುತ್ತೆ.

ಸೆನ್ಸರ್ ಕೂರಿಸುವ ಕೋನ ಇಲ್ಲಿ ಮುಖ್ಯ. 125 ಸೆಂ.ಮೀ. ಎತ್ತರದಲ್ಲಿ 20 ಡಿಗ್ರಿ ಮೇಲಕ್ಕೆ ಎತ್ತಿದರೆ ಒಂದು ಮೀಟರ್ ದೂರದಲ್ಲಿ ಅದು ನೋಡುವುದು 134ರಿಂದ 195 ಸೆಂ.ಮೀ. ಪಟ್ಟಿ. ತಲೆಗೆ ತಾಗುವುದೆಲ್ಲ ಬಂತು, ಆದರೆ 110 ಸೆಂ.ಮೀ. ಆಸುಪಾಸಿನ ಲಾರಿ ಹಲಗೆ ತಪ್ಪಿತು. ನೇರ ಇಟ್ಟರೆ 98ರಿಂದ 152. ಹಲಗೆ ಸಿಕ್ಕಿತು, ತಗಡು ತಪ್ಪಿತು. ಒಂದೇ ಸೆನ್ಸರಿನಲ್ಲಿ ಎರಡೂ ಆಗುವುದಿಲ್ಲ. ಎರಡು ಹಾಕಿ, ಒಂದು ನೇರ, ಒಂದು 20 ಡಿಗ್ರಿ ಮೇಲಕ್ಕೆ. ಹಾಕಿಕೊಳ್ಳುವವರ ಎತ್ತರಕ್ಕೆ ತಕ್ಕಂತೆ ತಿರುಗಿಸಿ ಬಿಗಿಮಾಡುವ ಹಾಗಿರಲಿ. ಮುಂದೆ ಬಾಗಿ ನಡೆಯುವ ಅಭ್ಯಾಸ ಇರುವವರಿಗೆ 20 ಡಿಗ್ರಿ ಸಾಲದು, ಅವರನ್ನು ನಡೆಸಿಯೇ ಕೋನ ಗೊತ್ತುಮಾಡಬೇಕು.

ಒಂದು ವಸ್ತು ಮಾತ್ರ ಇದಕ್ಕೂ ಸರಿಯಾಗಿ ಸಿಗದು: ವಿದ್ಯುತ್ ಕಂಬದ ಸ್ಟೇ ವೈರ್. ಬುಡ ಪಕ್ಕದಲ್ಲೆಲ್ಲೋ, ವೈರು ಓರೆಯಾಗಿ ಮುಖದ ಎತ್ತರಕ್ಕೆ ಬಂದಿರುತ್ತೆ. ಸಣ್ಣ ದುಂಡು ವೈರಿನ ಪ್ರತಿಧ್ವನಿ ತೀರಾ ಕ್ಷೀಣ. ಅಂಥ ಕಂಬ ದಿನದ ದಾರಿಯಲ್ಲಿದ್ದರೆ ಜಾಗ ಗುರುತಿಟ್ಟುಕೊಳ್ಳುವುದನ್ನೇ ಕಲಿಸಬೇಕು.

ಪರೀಕ್ಷೆಯನ್ನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಗೆಳೆಯರ ಮೇಲೆ ಮಾಡಿ ವರದಿ ಬರೆಯಬೇಡಿ. ಅವರ ನಡಿಗೆ, ಹೆದರಿಕೆ, ಕೋಲು ಹಿಡಿಯುವ ರೀತಿ ಯಾವುದೂ ದಿನಾ ಕೋಲಿನಲ್ಲಿ ಓಡಾಡುವವರಂತೆ ಇರುವುದಿಲ್ಲ. ಉದ್ದನೆಯ ಪಡಸಾಲೆಯಲ್ಲಿ ಹಗ್ಗ ಕಟ್ಟಿ ಒಂದಡಿ ಚೌಕದ ರಟ್ಟುಗಳನ್ನು ಹಣೆಯ ಎತ್ತರಕ್ಕೆ ತೂಗುಬಿಡಿ, ಪ್ರತಿ ಸುತ್ತಿಗೂ ಜಾಗ ಬದಲಿಸಿ. ಕೋಲು ಮಾತ್ರ ಇದ್ದಾಗ ಎಷ್ಟು ತಾಗಿದವು, ಸಾಧನವೂ ಇದ್ದಾಗ ಎಷ್ಟು, ಏನೂ ಇಲ್ಲದ ಕಡೆ ಎಷ್ಟು ಸಲ ಕಂಪಿಸಿತು, ಮೂರನ್ನೂ ಬರೆದಿಡಿ. ಮೂರನೆಯ ಸಂಖ್ಯೆಯನ್ನೇ ಪ್ರಾಜೆಕ್ಟ್ ವರದಿಗಳು ಮುಚ್ಚಿಡುತ್ತವೆ. ಸಾಧನವನ್ನು ಮನೆ ಮೂಲೆಗೆ ಸೇರಿಸುವುದೂ ಅದೇ. ದಾವಣಗೆರೆಯಲ್ಲೇ ಕೇಂದ್ರ ಸರ್ಕಾರದ ಸಿಆರ್‌ಸಿ (ಅಂಗವಿಕಲರ ಪುನರ್ವಸತಿ ಕೇಂದ್ರ) ಇದೆ, ಕಾಲೇಜಿನ ಪತ್ರ ತೆಗೆದುಕೊಂಡು ಹೋಗಿ ಕೇಳಿ.

ದೆಹಲಿ ಐಐಟಿಯವರ ಸ್ಮಾರ್ಟ್‌ಕೇನ್ ನೋಡಿದ್ದೀರಾ? 2014ರಲ್ಲಿ ಬಂತು. ಕೋಲಿನ ಹಿಡಿಗೇ ಅಲ್ಟ್ರಾಸಾನಿಕ್ ಸೆನ್ಸರ್, ಹೊರಗೆ 3 ಮೀಟರ್, ಒಳಗೆ 1.8 ಮೀಟರ್, ಎರಡು ಮಟ್ಟ. ಕೋಲು ಬೀಸಿದಾಗ ಸೆನ್ಸರೂ ಬೀಸುವುದರಿಂದ ಒಂದರಲ್ಲೇ ಅಗಲಕ್ಕೆಲ್ಲ ನೋಟ ಸಿಗುತ್ತೆ. ಆದರೆ ಮಣಿಕಟ್ಟಿಗೆ ಭಾರ, ಕೋಲು ಹಿಡಿಯುವ ಕೋನ ತಪ್ಪಿದರೆ ನೋಟವೂ ತಪ್ಪುತ್ತೆ. ನಿಮ್ಮ ವರದಿಯಲ್ಲಿ ಹೋಲಿಕೆ ಇದರ ಜೊತೆ ಇರಲಿ. ಒಬ್ಬರ ಬಳಕೆಗಷ್ಟೇ ಬೇಕಿದ್ದರೆ ಹೊಸದಾಗಿ ಕಟ್ಟುವುದಕ್ಕಿಂತ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್ ಹಿಡಿದು, ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಕೇಳುವುದು ಸುಲಭ. ಶೇ. 40 ಅಥವಾ ಮೇಲ್ಪಟ್ಟ ಅಂಗವೈಕಲ್ಯ ಇರಬೇಕು, ಆದಾಯದ ಮಿತಿಯೂ ಇದೆ.

ದುರ್ಗದ_ದನಿ

ನಾನು ಕೋಲು ಹಿಡಿದು ಓಡಾಡುವವನು, ಟಾಕ್‌ಬ್ಯಾಕ್‌ನಲ್ಲಿ (ಪರದೆ ಮೇಲಿರೋದನ್ನ ಓದಿ ಹೇಳೋ ಫೋನ್ ಸೌಲಭ್ಯ) ಟೈಪ್ ಮಾಡ್ತಿದೀನಿ, ಕಾಗುಣಿತ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಕ್ಯಾಮೆರಾ ಹಾಕಿ ಹೆಸರು ಹೇಳಿಸೋದರ ಬಗ್ಗೆ ನಿಮ್ಮ ಗೈಡ್ ಸರ್‌ಗೆ ಇಷ್ಟು ಹೇಳಿ. "ಮುಂದೆ ಒಬ್ಬ ಮನುಷ್ಯ ನಿಂತಿದ್ದಾನೆ" ಅನ್ನೋಕೆ ಎರಡು ಸೆಕೆಂಡ್ ಬೇಕು, ಅಷ್ಟರಲ್ಲಿ ಅವನ ಮೇಲೆ ಹೋಗಿ ಬಿದ್ದಿರ್ತೀವಿ. ಬಜಾರಿನಲ್ಲಿ "ಮನುಷ್ಯ, ಮನುಷ್ಯ, ಬೈಕ್, ಮನುಷ್ಯ" ಅಂತ ಜಪ ಶುರುವಾಗುತ್ತೆ. ಆಟೋ ಯಾವ ಕಡೆಯಿಂದ ಬಂತು, ಗಲ್ಲಿ ಎಲ್ಲಿ ತೆರೆಯಿತು, ಅಂಗಡಿ ಸಾಲು ಎಲ್ಲಿ ಮುಗೀತು, ಎಲ್ಲಾ ತಿಳಿಯೋದು ಕಿವಿಯಿಂದ. ಆ ಕಿವಿಗೆ ಸಾಧನ ಅಡ್ಡ ಬರಬಾರದು. ನಿಂತು ಬೋರ್ಡ್ ಓದಿಸೋಕೆ, ಬಿ ಮೈ ಐಸ್‌ ಆಪ್‌ನ ವಿಡಿಯೋ ಕರೆಯಲ್ಲಿ ಯಾರನ್ನಾದ್ರೂ ಕೇಳೋಕೆ ಕ್ಯಾಮೆರಾ ಬಹಳ ಒಳ್ಳೇದು, ಅದು ಫೋನಿನಲ್ಲೇ ಇದೆ. ನಡೆಯುವಾಗ ಚರ್ಮಕ್ಕೆ ಹೇಳಿದ್ರೆ ಸಾಕು.

ಆದ್ರೆ ಕಂಪನ ಹೇಗೆ ಕೊಡ್ತೀರಿ ಅನ್ನೋದ್ರಲ್ಲಿ ತಪ್ಪಿದ್ರೆ ಸೆನ್ಸರ್ ಎಷ್ಟು ಚೆನ್ನಾಗಿದ್ರೂ ದಂಡ. ಹತ್ತಿರ ಬಂದಷ್ಟೂ ಜೋರು ಅಂತ ಮಾಡಿದೀರಿ. ದಪ್ಪ ಅಂಗಿ, ಬೆವರು, ನಡಿಗೆಯ ಕುಲುಕಾಟದ ನಡುವೆ "ಸ್ವಲ್ಪ ಜೋರು", "ಇನ್ನೂ ಸ್ವಲ್ಪ ಜೋರು" ಅನ್ನೋ ಭೇದ ಗೊತ್ತಾಗಲ್ಲ. ತಾಳ ಬದಲಾದ್ರೆ ತಕ್ಷಣ ಗೊತ್ತಾಗುತ್ತೆ. 120ರಿಂದ 80 ಸೆಂ.ಮೀ. ತನಕ ನಿಧಾನಕ್ಕೆ ಒಂದೊಂದು ತಟ್ಟು, 80ರಿಂದ 50ಕ್ಕೆ ಬೇಗಬೇಗ, 50ರೊಳಗೆ ಬಿಡದೆ. ಮೂರೇ ಹಂತ, ನಾಲ್ಕನೇದು ಯಾರಿಗೂ ನೆನಪಿರಲ್ಲ. ಒಂದೊಂದು ತಟ್ಟು 120 ಮಿಲಿಸೆಕೆಂಡ್ ಆದ್ರೂ ಇರಲಿ, ಆ ಕಾಯಿನ್ ಮೋಟಾರ್ ವೇಗ ಹಿಡಿಯೋಕೇ ಅರ್ಧ ಸಮಯ ಹೋಗುತ್ತೆ. ಎರಡು ಸೆನ್ಸರ್ ಹಾಕೋದಾದ್ರೆ ಮೋಟಾರೂ ಎರಡು ಇರಲಿ: ತಲೆಯದ್ದಕ್ಕೆ ಭುಜದ ಮೇಲೆ, ಎದೆಯದ್ದಕ್ಕೆ ಪಟ್ಟಿಯ ಕೆಳಗೆ ಪಕ್ಕೆಗೆ. ಬಗ್ಗಬೇಕಾ ನಿಲ್ಲಬೇಕಾ ಅನ್ನೋದು ಯೋಚನೆ ಮಾಡದೇ ತಿಳಿಯುತ್ತೆ.

ಸಾಲಿನಲ್ಲಿ ನಿಂತಾಗ ಮುಂದಿನವರ ಬೆನ್ನು 40 ಸೆಂ.ಮೀ.ನಲ್ಲಿರುತ್ತೆ. ಪಡಿತರ ಅಂಗಡಿ ಮುಂದೆ ಅರ್ಧ ಗಂಟೆ ಅದು ಗುರ್ ಅಂತಿದ್ರೆ ಕಿತ್ತು ಜೇಬಿಗೆ ಹಾಕೋದೇ. ಮೂರು ಸೆಕೆಂಡ್ ದೂರ ಬದಲಾಗದಿದ್ರೆ ತಾನೇ ಸುಮ್ಮನಾಗಬೇಕು, ಕಮ್ಮಿಯಾದ ಕ್ಷಣ ಮತ್ತೆ ಎಚ್ಚರವಾಗಬೇಕು.

ಶಾಲು, ಸೆರಗು, ದುಪಟ್ಟಾ ಸೆನ್ಸರಿನ ಮೇಲೆ ಬೀಳೋದು ಗ್ಯಾರಂಟಿ. 10 ಸೆಂ.ಮೀ.ಗಿಂತ ಕಡಿಮೆ ಅಳತೆ ಎರಡು ಸೆಕೆಂಡ್ ಹಾಗೇ ನಿಂತ್ರೆ ಅದು ಅಡಚಣೆ ಅಲ್ಲ, ಮುಚ್ಚಿಕೊಂಡಿದೆ ಅಂತ ಅರ್ಥ. ಅದಕ್ಕೆ ಬೇರೆ ಗುರುತು, ಮೂರು ಪುಟ್ಟ ತಟ್ಟು. ಇದಕ್ಕೆ ಉಲ್ಟಾ ತೊಂದರೆಯೂ ಇದೆ: ನಮ್ಮ ಲಕ್ಷ್ಮೀ ಬಜಾರಿನಂಥ ಕಡೆ ಅಂಗಡಿ ಮುಂದೆ ತೂಗುಹಾಕಿದ ಸೀರೆ, ಟವೆಲ್ ಶಬ್ದವನ್ನ ಹೀರಿಕೊಳ್ಳುತ್ತೆ, ಸಾಧನ ಸುಮ್ಮನಿರುತ್ತೆ. ಮುಖಕ್ಕೆ ಟವೆಲ್ ತಾಗಿದ್ರೆ ನಷ್ಟವೇನಿಲ್ಲ ಬಿಡಿ, ಅದನ್ನ ತೂಗುಹಾಕಿರೋ ಕಬ್ಬಿಣದ ಸರಳು ತಾಗದಿದ್ರೆ ಸಾಕು.

ಕೊನೇದಾಗಿ, ಟಿಪಿ4056 ಮೇಲೆ ಕೆಂಪು ದೀಪ, ನೀಲಿ ದೀಪ. ನಮಗೆ ಅದನ್ನ ಯಾರು ಓದಿ ಹೇಳಬೇಕು? ಚಾರ್ಜ್ ತುಂಬಿದ್ರೆ ಉದ್ದ ಒಂದು ಕಂಪನ. ಆನ್ ಮಾಡಿದಾಗ ಬ್ಯಾಟರಿ ಎಷ್ಟಿದೆ ಅಂತ ಒಂದರಿಂದ ನಾಲ್ಕು ತಟ್ಟು. ಸ್ವಿಚ್ ಒತ್ತೋದು ಬೇಡ, ಜಾರಿಸೋದು ಇರಲಿ, ಯಾವ ಕಡೆ ಇದೆ ಅಂತ ಬೆರಳಿಗೇ ಗೊತ್ತಾಗುತ್ತೆ. ಚಾರ್ಜಿಂಗ್ ತೂತು ಟೈಪ್-ಸಿ ಆಗಿದ್ರೆ ಮೇಲೆ ಕೆಳಗೆ ಅಂತ ತಡಕಾಡೋದು ತಪ್ಪುತ್ತೆ. ತೂಕ 150 ಗ್ರಾಂ ದಾಟಿದ್ರೆ ಕುತ್ತಿಗೆಗೆ ನೇತುಹಾಕೋ ಪಟ್ಟಿ ಬೇಡ, ಎರಡೂ ಭುಜಕ್ಕೆ ಬರೋ ಪಟ್ಟಿ ಮಾಡಿ. ಕುತ್ತಿಗೆಯದ್ದು ತೂಗಾಡುತ್ತೆ, ಆಮೇಲೆ ಕೋಲು_ಮೊದಲು ಮೇಡಂ ಹೇಳಿದ 20 ಡಿಗ್ರಿ ಲೆಕ್ಕಕ್ಕೆ ಅರ್ಥವೇ ಇಲ್ಲ.

ಹದಡಿರೋಡ್_ಇಸಿ

ಮೂವರಿಗೂ ತುಂಬಾ ಥ್ಯಾಂಕ್ಸ್. 0 ಬಂದಾಗ ಬೇರೆ ಮಾಡಿದ ಮೇಲೆ ಬಯಲಿನ ಕಂಪನ ನಿಂತಿದೆ. ಟ್ರಾನ್ಸಿಸ್ಟರ್ ಹಾಕಿದ ಮೇಲೆ ರೀಸೆಟ್ ಇಲ್ಲ. ಕೆಳಮುಖದ ಸೆನ್ಸರ್ ಕೈಬಿಟ್ಟಿದ್ದೀವಿ, ಗೈಡ್ ಸರ್ ಕೂಡ ಲೆಕ್ಕ ನೋಡಿ ಒಪ್ಪಿದ್ರು. ಉಳಿದಿರೋದು ಎರಡೇ ಪ್ರಶ್ನೆ. ಎರಡು ಸೆನ್ಸರ್ ಒಂದರ ಶಬ್ದ ಇನ್ನೊಂದಕ್ಕೆ ಕೇಳಿಸಲ್ವಾ? ಮಳೆಗಾಲಕ್ಕೆ ಏನು ಮಾಡೋದು? ತೂಕ ಇಳಿಸೋಕೆ 18650 ಬದಲು 500 ಎಂಎಎಚ್‌ನ ಚಪ್ಪಟೆ ಲಿಪೋ (ಲಿಥಿಯಂ ಪಾಲಿಮರ್) ಸೆಲ್ ಹಾಕೋಣ ಅಂತಿದೀವಿ.

ಸರ್ಕಿಟ್_ಚೌಕಿಪೇಟೆ

ಕೇಳಿಸುತ್ತೆ. ಅದಕ್ಕೇ ಎರಡನ್ನೂ ಒಟ್ಟಿಗೆ ಟ್ರಿಗರ್ ಮಾಡಬಾರದು. ಒಂದು, 60 ಮಿಲಿಸೆಕೆಂಡ್, ಇನ್ನೊಂದು, 60 ಮಿಲಿಸೆಕೆಂಡ್, ಹೀಗೆ ಸರದಿ. ಒಂದೊಂದಕ್ಕೆ 120 ಮಿಲಿಸೆಕೆಂಡಿಗೆ ಒಂದು ಅಳತೆ ಸಿಗುತ್ತೆ. ಮೂರರಲ್ಲಿ ನಡುವಿನದನ್ನ ತಗೊಂಡಾಗ ಹೊಸ ಅಡಚಣೆ ಗೊತ್ತಾಗೋಕೆ ಎರಡು ಅಳತೆ ಬೇಕು, ಅಂದ್ರೆ 240 ಮಿಲಿಸೆಕೆಂಡ್. ಸೆಕೆಂಡಿಗೆ ಒಂದು ಮೀಟರ್ ನಡಿಗೆಯಲ್ಲಿ 24 ಸೆಂ.ಮೀ. ಮುಂದೆ ಹೋಗಿರ್ತಾರೆ, 120ರಲ್ಲಿ ಇನ್ನೂ 96 ಉಳಿಯುತ್ತೆ. ಇದನ್ನೇ ಐದರ ನಡುವಿನದು ಮಾಡಿದ್ರೆ 36 ಸೆಂ.ಮೀ. ಖರ್ಚು.

ಮಳೆಗೆ ಎಚ್‌ಸಿ-ಎಸ್‌ಆರ್04 ಆಗಲ್ಲ, ಅದರ ಜಾಲರಿ ಬಾಯಿ ತೆರೆದೇ ಇದೆ. ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ರೆ ಶಬ್ದ ಅಲ್ಲೇ ತಿರುಗಿ ಬಂದು ಯಾವಾಗಲೂ 2-3 ಸೆಂ.ಮೀ. ತೋರಿಸುತ್ತೆ. ಜೆಎಸ್‌ಎನ್-ಎಸ್‌ಆರ್04ಟಿ ತಗೊಳ್ರಿ, ಕಾರಿನ ಬಂಪರ್ ಸೆನ್ಸರಿನ ಥರ ಮುಚ್ಚಿದ ತಲೆ. ಅದಕ್ಕೆ 20-25 ಸೆಂ.ಮೀ. ಒಳಗಿನದು ಕಾಣಲ್ಲ, ನಿಮಗೆ ಅದರಿಂದ ತೊಂದರೆಯಿಲ್ಲ. ಆದ್ರೆ ದುರ್ಗದವರು ಹೇಳಿದ 10 ಸೆಂ.ಮೀ.ನ "ಮುಚ್ಚಿಕೊಂಡಿದೆ" ಪರೀಕ್ಷೆ ಇದರಲ್ಲಿ ನಡೆಯಲ್ಲ. ಬಟ್ಟೆ ಮುಚ್ಚಿದಾಗ ನಿಮ್ಮ ಬೋರ್ಡ್ ಯಾವ ಅಳತೆ ಕೊಡುತ್ತೆ ಅಂತ ಸೀರಿಯಲ್ ಮಾನಿಟರಿನಲ್ಲಿ ನೋಡಿ ಆ ಸಂಖ್ಯೆಯನ್ನೇ ಕೋಡಿಗೆ ಹಾಕ್ರಿ. ಬೋರ್ಡ್ ಡಬ್ಬಿಯೊಳಗೆ ಇರಲಿ, ತಲೆ ಮಾತ್ರ ಹೊರಗೆ. ಬೆವರು ಇಳಿಯೋ ಕಡೆ ಇರೋ ಬೆಸುಗೆಗೆಲ್ಲ ಹೀಟ್ ಶ್ರಿಂಕ್.

ಲಿಪೋ ಹಾಕೋ ಮುಂಚೆ ಟಿಪಿ4056 ತಿದ್ದಬೇಕು. ಅಂಗಡಿಯಲ್ಲಿ ಸಿಗೋ ಬೋರ್ಡಿನಲ್ಲಿ 1.2 ಕಿಲೋಓಮ್ ರೆಸಿಸ್ಟರ್ ಇರುತ್ತೆ, ಅದು 1 ಆಂಪ್‌ನಲ್ಲಿ ಚಾರ್ಜ್ ಮಾಡುತ್ತೆ. 500 ಎಂಎಎಚ್ ಸೆಲ್ಲಿಗೆ ಅದು ಎರಡು ಪಟ್ಟು, ಸೆಲ್ ಬಿಸಿಯಾಗಿ ಉಬ್ಬುತ್ತೆ, ಅದೂ ಎದೆ ಮೇಲೆ. ಅದನ್ನ ಕಿತ್ತು 5 ಕಿಲೋಓಮ್ ಹಾಕಿದ್ರೆ 250 ಮಿಲಿಆಂಪ್. ಬಾಳಿಕೆ ಲೆಕ್ಕ: ನ್ಯಾನೋ, ಸೆನ್ಸರುಗಳು ಸೇರಿ 5 ವೋಲ್ಟಿನಲ್ಲಿ 50 ಮಿಲಿಆಂಪ್ ಅಂತಿಟ್ಕೊಳ್ರಿ, ಎಂಟಿ3608 ನಷ್ಟ ಸೇರಿ ಸೆಲ್‌ನಿಂದ 80, ಮೋಟಾರಿಗೆ ಸರಾಸರಿ 20. ಒಟ್ಟು 100, ಐದು ಗಂಟೆ ಸಿಗಬೇಕು, ನಾಲ್ಕು ಅಂತ ನಂಬ್ರಿ. ಇಡೀ ದಿನ ಬೇಕಂದ್ರೆ 1000 ಎಂಎಎಚ್ ಚಪ್ಪಟೆ ಸೆಲ್ ಹಾಕಿ, ರೆಸಿಸ್ಟರ್ 3 ಕಿಲೋಓಮ್. 150 ಗ್ರಾಂ ಒಳಗೇ ಬರುತ್ತೆ. ಸೆಲ್ ಕೊಳ್ಳುವಾಗ ಹಳದಿ ಟೇಪಿನಡಿ ಪ್ರೊಟೆಕ್ಷನ್ ಬೋರ್ಡ್ (ಸೆಲ್ ಅತಿಯಾಗಿ ಖಾಲಿಯಾಗದಂತೆ ಕಾಯೋದು) ಇದೆಯಾ ನೋಡ್ರಿ, ಇಲ್ಲದಿದ್ರೆ ಟಿಪಿ4056ನಲ್ಲಿ ಆರು ಬಿಂದು ಇರೋ ಬೋರ್ಡೇ ತಗೊಂಡು ಲೋಡನ್ನ ಔಟ್ ಬಿಂದುಗಳಿಗೆ ಕೊಡ್ರಿ, ನೇರ ಸೆಲ್ಲಿಗಲ್ಲ. ಮೊದಲು ನೇರ ಸೆಲ್‌ನಿಂದ ಅಂದಿದ್ದ ಮೋಟಾರಿನ ಲೈನೂ ಆಗ ಅಲ್ಲಿಂದಲೇ ಹೋಗಲಿ.